ಅಳಿಲಿನ ದನಿ

ಅರವತ್ತಮೂರು ವರ್ಷದ ಡೆಲ್ ಹ್ಯಾಗರ್ಟಿ, ಎದ್ದು ನಿಂತರೆ ಕುರ್ಚಿಯೂ ಸೊಂಟ ಹಿಡಿದುಕೊಂಡು ಜೊತೆಗೇ ಏಳುವಂಥ ಮನುಷ್ಯ, ಒಂದು ಕಾಲದಲ್ಲಿ ಅಳಿಲಾಗಿದ್ದ. ಬಿಳಿ ಬಣ್ಣದ, ಅಂಗೈಯಷ್ಟು ದೊಡ್ಡ, ಕಿವಿಗೆ ಹಳದಿ ರಿಬ್ಬನ್ ಕಟ್ಟಿದ ಹಾರುವ ಅಳಿಲು. ಟೆಕ್ಸಸ್‌ನಲ್ಲಿ ಇದನ್ನು ಕೇಳಿ ನಗದವರು ಕಡಿಮೆ. ಅವನ ಸ್ವಂತ ಅಣ್ಣ ಸಾಯುವ ಹಿಂದಿನ ವಾರವೂ ಆಸ್ಪತ್ರೆಯ ಮಂಚದ ಮೇಲೆ ಅದನ್ನೇ ನೆನೆಸಿಕೊಂಡು ನಕ್ಕು, ಕೆಮ್ಮು ಬರಿಸಿಕೊಂಡು, ನರ್ಸಿನ ಕೈಲಿ ಬೈಸಿಕೊಂಡಿದ್ದ. ಆದರೆ ಡಲ್ಲಾಸ್ ವಿಮಾನ ನಿಲ್ದಾಣದ ಪಕ್ಕದ ಈ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಜಪಾನಿನ ಕಾರ್ಟೂನು ಪ್ರೇಮಿಗಳು ಸೇರುವ ಈ ಮೂರು ದಿನ, ನಗುವವರು ಯಾರೂ ಇರಲಿಲ್ಲ. ಅವನ ಟೇಬಲ್ಲಿನ ಮುಂದೆ ಸಾಲು ನಿಂತಿತ್ತು. ಸಾಲಿನ ಮೊದಲಲ್ಲಿ ಎದೆ ಮುಟ್ಟುವ ಗಡ್ಡದ, ಬಾಗಿಲ ಚೌಕಟ್ಟಿನಷ್ಟು ಎತ್ತರದ ಒಬ್ಬ ಮನುಷ್ಯ, ನಿರಿಗೆ ನಿರಿಗೆಯ ಗುಲಾಬಿ ಲಂಗ ತೊಟ್ಟು, ಕೈಯಲ್ಲಿ ರಟ್ಟಿನ ಲಾಂದ್ರ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ. 'ನಾನು ಸಿಮೆಂಟ್ ಲಾರಿ ಓಡಿಸ್ತೀನಿ ಸಾರ್. ನಮ್ಮಪ್ಪ ಬೆಲ್ಟ್ ತಗೊಂಡು ಬಡೀತಿದ್ದ. ಸ್ಕೂಲಿಂದ ಬಂದು ಟೀವಿ ಹಾಕಿದ್ರೆ ನೀವಿರ್ತಿದ್ರಿ. ನೀವೊಬ್ರೇ ಇರ್ತಿದ್ರಿ' ಅಂದ. ಡೆಲ್ ಅವನ ಫೋಟೊದ ಮೇಲೆ ಸಹಿ ಹಾಕಿ, ಕೆಳಗೆ ಒಂದು ಬಾಲ ಬರೆದ. ಎಡಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವನ ಮಗಳು ಡೇನಾ ಫೋಟೊ ಎತ್ತಿ, ಶಾಯಿ ಒಣಗಲೆಂದು ಒಮ್ಮೆ ಗಾಳಿಯಲ್ಲಿ ಬೀಸಿ ಕೊಟ್ಟಳು. ಬೀಸುವಾಗ ಅಪ್ಪನ ಕಡೆ ನೋಡಲಿಲ್ಲ. ಅವಳು ಬೆಳಗಿನಿಂದಲೂ ನೋಡಿರಲಿಲ್ಲ ಅಂತ ಡೆಲ್‌ಗೆ ಅನ್ನಿಸಿತು. ಆಮೇಲೆ, ತನ್ನ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿರುವುದರಿಂದ ಅವಳು ನೋಡಿದ್ದು ತನಗೇ ಕಾಣಿಸಿರಲಿಕ್ಕಿಲ್ಲ ಅಂತಲೂ ಅನ್ನಿಸಿತು.

ಅವಳು ಬಂದದ್ದು ಆ ಕಣ್ಣಿನಿಂದಾಗಿಯೇ. ಅವನಿಗೆ ಕಾರು ಓಡಿಸುವ ಹಾಗಿರಲಿಲ್ಲ. 'ಮೂರು ದಿನ ತಾನೆ, ಬರ್ತೀನಿ, ಬುಧವಾರ ಹೆಂಗೂ ಹೊರಡೋದು' ಅಂದಿದ್ದಳು. ಬುಧವಾರ ಅವಳು ಅಲಾಸ್ಕಕ್ಕೆ ಹೋಗುವವಳಿದ್ದಳು, ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರ ಆಫೀಸಿನ ಕೆಲಸಕ್ಕೆ. ಟೆಕ್ಸಸ್‌ನಿಂದ ಹೊರಟವರು ಪಾಸ್‌ಪೋರ್ಟ್ ಇಲ್ಲದೆ ಉತ್ತರಕ್ಕೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ. ಅಲ್ಲಿ ಮೀನು ಮತ್ತು ಕತ್ತಲೆ ಬಿಟ್ಟರೆ ಏನಿದೆ ಅಂತ ಡೆಲ್ ಕೇಳಲಿಲ್ಲ. ಅವನಿಗೆ ಕೇಳಬೇಕಾಗಿದ್ದದ್ದು ಬೇರೆ, ಕೇಳಬೇಕಾಗಿದ್ದದ್ದೂ ಅಲ್ಲ, ಹೇಳಬೇಕಾಗಿದ್ದದ್ದು. ಅವಳಿಗೆ ಆರು ವರ್ಷವಾಗಿದ್ದಾಗ ತಾನು ಹೇಳಿದ ಒಂದು ಸುಳ್ಳಿಗೆ ಕ್ಷಮೆ ಕೇಳಬೇಕಾಗಿತ್ತು. ಇವತ್ತು ಕಡೆಯ ದಿನ, ಸಂಜೆ ಅವಳು ಅವನನ್ನು ಮನೆಯ ಮುಂದೆ ಇಳಿಸಿ ಹೊರಟುಬಿಡುತ್ತಾಳೆ. ಬೆಳಗ್ಗೆ ಬರುವಾಗ ಕಾರಿನಲ್ಲಿ ಇಬ್ಬರೂ ಕೊಲಾಚೆ ತಿನ್ನುತ್ತಿದ್ದರು, ಬನ್ನಿನೊಳಗೆ ಬಿಸಿ ಸಾಸೇಜು. ಅವನು ಮೊದಲ ಮಾತನ್ನು ನಾಲಿಗೆಯ ತುದಿಗೆ ತಂದಿಟ್ಟುಕೊಂಡು, ಅವಳ ಬಾಯಿ ಖಾಲಿಯಾಗಲಿ ಅಂತ ಕಾದ. ಅವಳ ಬಾಯಿ ಖಾಲಿಯಾದಾಗ ತಾನು ಇನ್ನೊಂದು ಕಚ್ಚಿದ. ಹೀಗೇ ಹೋಟೆಲು ಬಂತು.

'ಲಾಂದ್ರದ ಹುಡುಗಿಯರು' ಅನ್ನುವುದು ಅವನ ಕಾರ್ಟೂನಿನ ಹೆಸರು. ಐದು ಜನ ಶಾಲೆಯ ಹುಡುಗಿಯರು ಲಾಂದ್ರ ಹಚ್ಚಿ ಗಿರಗಿರ ತಿರುಗಿದರೆ, ಎಲ್ಲಿಂದಲೋ ರಿಬ್ಬನ್ನುಗಳು ಬಂದು ಸುತ್ತಿಕೊಂಡು, ಹೊಸ ಬಟ್ಟೆ ತೊಟ್ಟು, ಕತ್ತಲಿನ ಸೈನ್ಯದ ಜೊತೆ ಹೊಡೆದಾಡಲು ತಯಾರು. ಅವರಿಗೆ ಬುದ್ಧಿ ಹೇಳಲು ಒಂದು ಅಳಿಲು. ಜಪಾನಿನಲ್ಲಿ ಅದರ ಹೆಸರು ಮೊಕೊ. ಅಮೆರಿಕಕ್ಕೆ ಬರುವಾಗ ಬಿಸ್ಕಿಟ್ ಆಯಿತು. ಮೊಕೊ ಯಾಕಾಗಬಾರದು ಅಂತ ಯಾರೂ ಕೇಳಲಿಲ್ಲ. ಡಲ್ಲಾಸ್‌ನ ಹೊರಗೆ ಕಾರ್ಪೆಟ್ ಅಂಗಡಿಯೊಂದರ ಹಿಂದೆ ತಗಡಿನ ಮಾಡಿನ ಸ್ಟುಡಿಯೊ. ಆಲಿಕಲ್ಲು ಬಿದ್ದರೆ ಕೆಲಸ ಬಂದ್, ಫ್ರಿಜ್ಜು ಗೊರ್ ಅಂದರೆ ಕೆಲಸ ಬಂದ್. ಕತ್ತಲೆ ಪೆಟ್ಟಿಗೆಯಂಥ ಕೋಣೆಯಲ್ಲಿ ಒಬ್ಬನೇ ನಿಂತು, ಎದುರಿನ ಪುಟ್ಟ ಟೀವಿಯಲ್ಲಿ ಅಳಿಲು ಬಾಯಿ ತೆರೆದಾಗ ಅದರ ಮಾತನ್ನು ಇಂಗ್ಲಿಷಿನಲ್ಲಿ ಶುರು ಮಾಡಿ, ಮುಚ್ಚುವಷ್ಟರಲ್ಲಿ ಮುಗಿಸಬೇಕು. ಕಷ್ಟ ಬರುತ್ತಿದ್ದದ್ದು ಯಾರಾದರೂ ಸತ್ತಾಗ. ಜಪಾನಿನವರು ಧಾರಾಳವಾಗಿ ಸಾಯಿಸುತ್ತಿದ್ದರು, ಅಜ್ಜಿ, ಟೀಚರು, ಒಬ್ಬ ಹುಡುಗಿಯ ಅಮ್ಮ. ಅಮೆರಿಕದ ಮಕ್ಕಳ ಟೀವಿಯಲ್ಲಿ ಸಾಯುವ ಹಾಗಿರಲಿಲ್ಲ. ಚಾನೆಲ್ಲಿನ ಆಫೀಸಿನಲ್ಲಿ ಮಿಸೆಸ್ ಟಾಲಿವರ್ ಅಂತ ಒಬ್ಬಾಕೆ ಕೆಂಪು ಪೆನ್ಸಿಲು ಹಿಡಿದು ಕೂತಿದ್ದಳು. 'ಸತ್ತರು' ಅಂತ ಎಲ್ಲಿ ಬಂದರೂ ಹೊಡೆದುಹಾಕುತ್ತಿದ್ದಳು. ಅಳಿಲು ಮೂಲದಲ್ಲಿ 'ಅವಳು ಸತ್ತಳು' ಅಂತ ಒಮ್ಮೆ ಬಾಯಿ ಬಿಟ್ಟು ಮುಚ್ಚಿದರೆ, ಅಷ್ಟು ಪುಟ್ಟ ಜಾಗದಲ್ಲಿ ಡೆಲ್ 'ಅಳಬೇಡ, ಅವಳು ಮೋಡದಾಚೆಯ ಊರಿಗೆ ಹೋಗಿದ್ದಾಳೆ, ದೀಪ ಹಚ್ಚಿಟ್ಟಿರು, ಬರುತ್ತಾಳೆ' ಅಂತ ಅಷ್ಟುದ್ದ ತುರುಕಬೇಕಾಗಿತ್ತು. ಉಸಿರು ಬಿಗಿಹಿಡಿದು, ಗಂಟಲನ್ನು ಮೂಗಿನ ಹಿಂದಕ್ಕೆ ಎಳೆದು, ಒಂದೇ ಗುಕ್ಕಿನಲ್ಲಿ ಕೀರಲಾಗಿ. ಅವನಷ್ಟು ಚೆನ್ನಾಗಿ ತುರುಕುವವರು ಇಡೀ ಟೆಕ್ಸಸ್‌ನಲ್ಲಿ ಇಲ್ಲ ಅಂತ ಸ್ಟುಡಿಯೊದ ಮಾಲೀಕ ಹೇಳುತ್ತಿದ್ದ. ಆ ಹೊಗಳಿಕೆ ಕೇಳಿ ಡೆಲ್ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿಕೊಂಡು, ಇಬ್ಬರೂ ನಕ್ಕಿದ್ದರು. ರೂತಾನ್ ನಗುವಾಗ ಕೈಯಲ್ಲಿದ್ದದ್ದನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ಏನೇ ಇರಲಿ, ಚಾಕು, ಟೊಮೆಟೊ, ಫೋನು. ನಗುವುದಕ್ಕೆ ಎರಡೂ ಕೈ ಬೇಕು ಅನ್ನುವ ಹಾಗೆ.

'ಒಂದ್ಸಲ ಬಿಸ್ಕಿಟ್ ಥರ ಮಾತಾಡಿ ಸಾರ್' ಅಂತ ಮುಂದಿನ ಹುಡುಗಿ ಕೇಳಿದಳು. ಮುಂದೋಳಿನ ಮೇಲೆ ಬಿಸ್ಕಿಟ್‌ನ ಹಚ್ಚೆ. ಹಚ್ಚೆಯ ಅಳಿಲು ಡೆಲ್‌ಗಿಂತ ಆರೋಗ್ಯವಾಗಿತ್ತು. 'ಕಂಪನಿಯವರು ಒಪ್ಪಲ್ಲಮ್ಮ, ಕಾಗದದಲ್ಲಿ ಬರೆಸ್ಕೊಂಡಿದಾರೆ' ಅಂದ. ಕಾಗದವೂ ಇಲ್ಲ, ಕಂಪನಿಯೂ ಮುಳುಗಿ ಎಷ್ಟೋ ಕಾಲವಾಗಿತ್ತು. ನಿಜವೇನೆಂದರೆ ದನಿ ಹೋಗಿತ್ತು. ಗಂಟಲಲ್ಲಿ ಒಂದು ಗಂಟು ತೆಗೆದ ಮೇಲೆ ಅಳಿಲಿನ ಎತ್ತರಕ್ಕೆ ಹೋಗಲು ನೋಡಿದರೆ ಬರೀ ಗಾಳಿ ಬರುತ್ತಿತ್ತು, ಚಕ್ರದಿಂದ ಗಾಳಿ ಬಿಟ್ಟ ಹಾಗೆ. ಡೇನಾಗೆ ಇದು ಗೊತ್ತಿತ್ತು. ಅವಳು ಹುಡುಗಿಯ ಕೈಗೆ ಫೋಟೊ ಕೊಟ್ಟಳು. ಆ ಹುಡುಗಿಯ ಹಿಂದೆಯೇ ಬಂದ, ಇಸ್ತ್ರಿ ಮಾಡಿದ ಕಪ್ಪು ಕೋಟಿನ ಹುಡುಗನೊಬ್ಬ ಸಹಿ ಕೇಳಲಿಲ್ಲ. 'ನೀವೇ ಅಲ್ವಾ ಆ ಹಳೇ ಡಬ್ಬಿಂಗು ಮಾಡಿದ್ದು? ಅರ್ಧ ಕತೇನೇ ಕೆಡಿಸಿಬಿಟ್ರಿ ನೀವು. ಹೊಸ ಡಬ್ಬಿಂಗ್ ಬಂದಿದೆ ಗೊತ್ತಾ? ಒಬ್ಬ ಹುಡುಗಿ ಮಾಡಿದಾಳೆ, ಸತ್ರೆ ಸತ್ರು ಅಂತಲೇ ಹೇಳ್ತಾಳೆ. ನಿಮಗೆ ನಾಚ್ಕೆ ಆಗಲ್ವಾ?' ಅಂದ, ಬಹಳ ವಿನಯದಿಂದ, ಡಾಕ್ಟರ ಹತ್ತಿರ ರೋಗ ಹೇಳಿಕೊಳ್ಳುವವನ ಹಾಗೆ. ಡೆಲ್‌ಗೆ ಕಿವಿ ಬಿಸಿಯಾಯಿತು. ಹುಡುಗ ಹೇಳಿದ್ದಕ್ಕಲ್ಲ, ಪಕ್ಕದಲ್ಲಿ ಡೇನಾ ಅದನ್ನು ಕೇಳಿಸಿಕೊಂಡಳಲ್ಲ ಅಂತ. 'ಆಗುತ್ತಪ್ಪ, ಊಟ ಆದ್ಮೇಲೆ ಆಗುತ್ತೆ ಸಾಮಾನ್ಯವಾಗಿ' ಅಂದ. ಸಾಲಿನವರು ನಕ್ಕರು. ಡೇನಾ ನಗಲಿಲ್ಲ. ಅವಳು ಫೋಟೊಗಳ ಅಂಚು ಸರಿಮಾಡುತ್ತಿದ್ದಳು. ಸರಿಯಾಗಿಯೇ ಇದ್ದ ಅಂಚು.

ಆಗಸ್ಟಿನ ಆ ಸಂಜೆ ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಆರು ವರ್ಷದ ಡೇನಾ ಕೂತಿದ್ದಳು. ತೊಡೆಯ ಮೇಲೆ ಹಾಲು ಹಾಕದ ಕಾರ್ನ್‌ಫ್ಲೇಕ್ಸಿನ ಬಟ್ಟಲು. ಪಕ್ಕದ ಮನೆಯಾಕೆ ಅವನ ಮುಖ ನೋಡಿ ಹಿಂಬಾಗಿಲಿನಿಂದ ಹೊರಟುಹೋದಳು. 'ಅಮ್ಮ ಎಲ್ಲಿ?' ಅಂತ ಮಗು ಕೇಳಿತು. ಅವನು ಬಾಯಿ ತೆರೆದ. ಕಾರಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದ, ಅಮ್ಮನಿಗೆ ತುಂಬ ಹುಷಾರಿರಲಿಲ್ಲ ಅಲ್ವಾ ಪುಟ್ಟಿ, ಅಂತ ಶುರುವಾಗುವ ಮಾತುಗಳು. ತನ್ನ ದನಿ ಬರಲಿಲ್ಲ. ಎಲ್ಲಿ ಹೋಗಿತ್ತೋ, ಆಸ್ಪತ್ರೆಯ ಲಿಫ್ಟಿನಲ್ಲೇ ಬಿಟ್ಟು ಬಂದಿದ್ದನೋ. ಬಂದದ್ದು ಅಳಿಲಿನದು. ಅಳಬೇಡ, ಅವಳು ಮೋಡದಾಚೆಯ ಊರಿಗೆ ಹೋಗಿದ್ದಾಳೆ. ಹೇಳಿ ಮುಗಿಸಿದ ಮೇಲೆ ಅವನಿಗೇ ಭಯವಾಯಿತು. ಆದರೆ ಮಗು ಬಟ್ಟಲನ್ನು ಪಕ್ಕಕ್ಕಿಟ್ಟು ಅವನನ್ನೇ ನೋಡಿ, ನಿಧಾನವಾಗಿ, ಬಹಳ ನಿಧಾನವಾಗಿ ತಲೆಯಾಡಿಸಿತು; 'ಸರಿ ಬಿಸ್ಕಿಟ್' ಅಂದಿತು. ಆ 'ಸರಿ'ಯನ್ನು ಹಿಡಿದುಕೊಂಡು ಅವನು ಆ ರಾತ್ರಿ ದಾಟಿದ. ಮಾರನೆಯ ದಿನ ಅಮ್ಮನ ಮಣ್ಣಿಗೆ ಮಗುವನ್ನು ಕರೆದುಕೊಂಡು ಹೋಗಲಿಲ್ಲ. ಆಮೇಲೆ ಅದು ಮನೆಯ ಪದ್ಧತಿಯಾಗಿಹೋಯಿತು. ರಾತ್ರಿ ಊಟದ ಹೊತ್ತಿಗೆ ಅವನ ಮುಖ ಇಳಿದರೆ ಅವಳೇ ಕೇಳುತ್ತಿದ್ದಳು, 'ಬಿಸ್ಕಿಟ್, ಅಮ್ಮ ಈಗ ಏನ್ಮಾಡ್ತಿದಾಳೆ ಅಲ್ಲಿ?' ಅಂತ. ಬಿಸ್ಕಿಟ್ ಹೇಳುತ್ತಿತ್ತು: ಮೋಡ ಕತ್ತರಿಸಿ ದಿಂಬಿಗೆ ತುಂಬುತ್ತಿದ್ದಾಳೆ, ಅಲ್ಲಿಯ ಬಸ್ಸು ತಪ್ಪಿಸಿಕೊಂಡು ಬೈಯುತ್ತ ನಿಂತಿದ್ದಾಳೆ, ಅಲ್ಲಿ ಟೊಮೆಟೊ ಸಿಕ್ಕುವುದಿಲ್ಲವಂತೆ. ಹೇಳುತ್ತ ಹೇಳುತ್ತ ಅವನಿಗೆ ಹಸಿವಾಗುತ್ತಿತ್ತು, ಊಟ ಸೇರುತ್ತಿತ್ತು. ವರಾಂಡದಲ್ಲಿ ದೀಪ ಉರಿಯುತ್ತಲೇ ಇರುತ್ತಿತ್ತು, ಸುತ್ತ ಹುಳುಗಳು. ಮಗು ಎಷ್ಟು ಚೆನ್ನಾಗಿ ನಂಬಿದೆ ಅಂತ ಅವನು ಮಲಗುವ ಮುಂಚೆ ಅಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡದ್ದೇ ಈಗ ಅವನನ್ನು ತಿನ್ನುತ್ತಿದ್ದದ್ದು, ಸುಳ್ಳಿಗಿಂತ ಹೆಚ್ಚು: ಆ ನೆಮ್ಮದಿ.

ಅವಳಿಗೆ ಹದಿಮೂರು ಆದಾಗ ಗೊತ್ತಾಯಿತು. ಅಂದರೆ ಗೊತ್ತಾಯಿತು ಅಂತ ಅವನ ಲೆಕ್ಕ. ಆಗೆಲ್ಲ ಈ ಹುಚ್ಚಿನವರು ಜಪಾನಿನ ಮೂಲ ಟೇಪುಗಳನ್ನು ತರಿಸಿ, ಕೆಳಗೆ ತಾವೇ ಇಂಗ್ಲಿಷ್ ಅಕ್ಷರ ಹಾಕಿ, ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಗೆಳತಿಯ ಮನೆಯಲ್ಲಿ ಅಂಥದೊಂದನ್ನು ನೋಡಿ ಬಂದ ಡೇನಾ ಬಾಗಿಲಲ್ಲಿ ನಿಂತು, 'ಮೊಕೊ, ಅವಳು ಸತ್ತಳು ಅಂತಲೇ ಹೇಳುತ್ತೆ ಅಪ್ಪ' ಅಂದಳು. ಅಷ್ಟೇ. ಅವನು ಅಡುಗೆಮನೆಯಲ್ಲಿ ಮಾಂಸ ಹೆಚ್ಚುತ್ತಿದ್ದ. 'ಹೌದಾ' ಅಂದ. ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಜಗಳವಾಡುವವರ ಹಾಗೆ ಧಡಾರನೆ ಅಲ್ಲ, ಒಳಗೆ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಮೆಲ್ಲಗೆ. ಆವತ್ತಿನಿಂದ ಅವರ ನಡುವೆ ಬಿಸ್ಕಿಟ್ ಬರಲಿಲ್ಲ. ಕಾಲೇಜು, ಬೇರೆ ಊರು, ಒಂದು ಮದುವೆ, ಅದು ಮುರಿದದ್ದು, ಎಲ್ಲವನ್ನೂ ಅವಳು ಫೋನಿನಲ್ಲಿ ಹವಾಮಾನ ಹೇಳುವ ದನಿಯಲ್ಲಿ ಹೇಳಿದಳು. ಅವನು ಹವಾಮಾನ ಕೇಳುವ ದನಿಯಲ್ಲಿ ಕೇಳಿದ.

'ಏನಾದ್ರೂ ತಿಂತೀಯಾ?' ಡೇನಾ ಕೇಳಿದಳು. ಮಧ್ಯಾಹ್ನ ಕಳೆದಿತ್ತು. ಸಾಲು ತೆಳ್ಳಗಾಗಿತ್ತು. ಈಗಲೇ, ಅಂತ ಡೆಲ್ ಅಂದುಕೊಂಡ. 'ಡೇನಾ, ನಿಂಗೊಂದು ಹೇಳ್ಬೇಕಿತ್ತು.' ಅವಳು ತಿರುಗಿದಳು. ಅವಳ ಕಣ್ಣು ರೂತಾನಳದು ಅಂತ ಜನ ಹೇಳುತ್ತಿದ್ದರು, ಅವನಿಗೆ ಎಂದೂ ಹಾಗೆ ಕಂಡಿರಲಿಲ್ಲ. ಈಗಲೂ ಕಾಣಲಿಲ್ಲ. 'ಏನು?' ಅಂದಳು. 'ಅಲ್ಲಿ... ಅಲಾಸ್ಕದಲ್ಲಿ ಒಳ್ಳೆ ಬೂಟು ಬೇಕಾಗುತ್ತೆ' ಅಂದ. 'ತಗೊಂಡಿದೀನಿ ಅಪ್ಪ' ಅಂದಳು. ಅವಳು ಇನ್ನೂ ಒಂದು ಗಳಿಗೆ ಹಾಗೇ ನೋಡುತ್ತಿದ್ದಳು, ಅದು ಬೂಟಿನ ಮಾತಲ್ಲ ಅಂತ ಗೊತ್ತಿರುವವಳ ಹಾಗೆ. ಅಷ್ಟರಲ್ಲಿ ಟೇಬಲ್ಲಿನ ಆಚೆ ಯಾರೋ ಕೆಮ್ಮಿದರು.

ಕೆಮ್ಮಿದವನು ನಲವತ್ತರ ಆಸುಪಾಸಿನ, ಗಿಡ್ಡನೆಯ, ಬಿಸಿಲಿಗೆ ಕುತ್ತಿಗೆ ಸುಟ್ಟ ಮನುಷ್ಯ. ಅವನ ಹಿಂದೆ, ಅವನ ಅಂಗಿಯ ತುದಿ ಹಿಡಿದುಕೊಂಡು, ಹಳದಿ ಲಾಂದ್ರದ ಹುಡುಗಿಯ ವೇಷ ಹಾಕಿದ ಒಂದು ಮಗು. ಹೊಲಿಗೆ ಬಾರದವರು ಹೊಲಿದ ಲಂಗ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅವನು ಮಗುವನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಟೇಬಲ್ಲಿನ ಮೇಲೆ ಬಗ್ಗಿ, ಗುಟ್ಟಿನ ದನಿಯಲ್ಲಿ ಹೇಳಿದ. 'ಸಾರ್, ನನ್ನ ಹೆಸರು ರೋಜೆಲಿಯೊ. ನಾವು ವೇಕೊದಿಂದ ಬಂದ್ವಿ. ನಾನು ಚಿಕ್ಕವನಿದ್ದಾಗ ನಿಮ್ಮ ಕಾರ್ಟೂನ್ ನೋಡ್ತಿದ್ದೆ, ಈಗ ಇವಳು ನೋಡ್ತಾಳೆ. ಹಳೇದೇ. ಹೊಸದು ನಾನೇ ತೋರಿಸಿಲ್ಲ.' ಕುತ್ತಿಗೆ ಉಜ್ಜಿಕೊಂಡ. 'ಇವಳಮ್ಮ ಮಾರ್ಚಿನಲ್ಲಿ ತೀರ್ಕೊಂಡ್ಳು. ಇವಳಿಗೆ ಹೇಳೋಕೆ ನನ್ನ ಕೈಲಿ ಆಗ್ತಿಲ್ಲ. ಬಿಸ್ಕಿಟ್ ಹೇಳ್ತಿತ್ತಲ್ಲ, ಮೋಡದಾಚೆ ಊರು ಅಂತ. ಅದೊಂದು ಮಾತು, ನಿಮ್ಮ ಬಾಯಲ್ಲಿ, ಆ ದನಿನಲ್ಲಿ ಇವಳಿಗೆ ಹೇಳಿಬಿಡಿ ಸಾರ್. ನೀವು ಹೇಳಿದ್ರೆ ನಂಬ್ತಾಳೆ.'

ಡೆಲ್ ಮಗಳ ಕಡೆ ನೋಡಲಿಲ್ಲ. ಎಡಗಣ್ಣು ಆ ಕಡೆಗೇ ಇತ್ತು, ಅದು ಕಾಣಿಸದ ಕಣ್ಣು, ಅದಕ್ಕೆ ಒಳಗೊಳಗೇ ಕೃತಜ್ಞನಾದ. ಏನು ಮಾಡುವುದು. ಇಲ್ಲ ಅನ್ನಬಹುದು, ಕಂಪನಿಯವರು ಒಪ್ಪುವುದಿಲ್ಲ ಅನ್ನಬಹುದು. ನಿಜ ಹೇಳು ಮಾರಾಯ, ನಾನು ಹೇಳದೆ ಹೀಗಾಗಿದ್ದೇನೆ ಅನ್ನಬಹುದು, ಆದರೆ ಈ ಸುಟ್ಟ ಕುತ್ತಿಗೆಯ ಮನುಷ್ಯನ ಮುಂದೆ ಹಾಗೆ ಅನ್ನುವುದೆಂದರೆ ಡೇನಾಗೆ ಕೇಳಿಸಲಿ ಅಂತ ಅವನನ್ನು ಉಪಯೋಗಿಸಿಕೊಂಡ ಹಾಗೆ. ಅಂಥ ಆಸೆ ಒಂದು ಕ್ಷಣ ಬಂತು, ಬಂದದ್ದಕ್ಕೆ ತನ್ನನ್ನೇ ಬೈದುಕೊಂಡ. ರೋಜೆಲಿಯೊ ಆಗಲೇ ಮಗುವನ್ನು ಮುಂದೆ ತಳ್ಳಿ, ತಾನು ದೂರ ಸರಿದು, ಫೋನು ಎತ್ತಿ ಹಿಡಿದಿದ್ದ, ಫೋಟೊಗೆ. 'ಹೋಗು ಇತ್ಸೆಲ್, ಬಿಸ್ಕಿಟ್ ನಿನ್ನ ಜೊತೆ ಮಾತಾಡುತ್ತಂತೆ.' ಮಗು ಟೇಬಲ್ಲನ್ನು ಸುತ್ತಿ ಬಂದು ಡೆಲ್‌ನ ಮುಂದೆ ನಿಂತಿತು. ಅವನ ಹೊಟ್ಟೆಯನ್ನು ನೋಡಿತು. ಮುಖವನ್ನು ನೋಡಿತು. ಅಳಿಲಿಗಾಗಿ ಹುಡುಕಿದ ಹಾಗೆ ಕುರ್ಚಿಯ ಕೆಳಗೂ ಒಮ್ಮೆ ನೋಡಿತು. ಡೆಲ್ ಉಸಿರು ಬಿಗಿಹಿಡಿದು, ಗಂಟಲನ್ನು ಮೂಗಿನ ಹಿಂದಕ್ಕೆ ಎಳೆದು, ಬಾಯಿ ತೆರೆದ. ಗಾಳಿ ಬಂತು. ಮತ್ತೊಮ್ಮೆ ಎಳೆದ. ಏನೋ ಒಂದು ಸೀಳಿದ ಸದ್ದು ಬಂದು ಕೆಮ್ಮಾಗಿ ಒಡೆಯಿತು. ಸಾಲಿನಲ್ಲಿದ್ದವರು ಯಾರೋ ಅಯ್ಯೋ ಅಂದರು. ಮಗುವಿನ ಮುಖದಲ್ಲಿ ನಿರಾಸೆ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದು, ಕನಿಕರ ಇತ್ತು.

'ಇತ್ಸೆಲ್ ಅಂದ್ರೆ ನೀನೇನಾ?' ಅಂದಿತು ಬಿಸ್ಕಿಟ್.

ಡೆಲ್ ಬೆಚ್ಚಿದ. ದನಿ ತನ್ನದೇ, ಅಂದರೆ ತನ್ನ ಆಗಿನದು. ಅದೇ ಕೀರಲು, ಅದೇ ಮೂಗು, ಮಾತಿನ ಕೊನೆಯಲ್ಲಿ ಬಾಲ ಎತ್ತಿದ ಹಾಗೆ ಏರುವ ಅದೇ ಚೂರು. ಡೇನಾ ಕುರ್ಚಿಯಿಂದ ಇಳಿದು ನೆಲದ ಮೇಲೆ ಮೊಣಕಾಲೂರಿದ್ದಳು. ಅವಳಿಗೆ ಇದು ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಯಾವಾಗ ಕಲಿತಳು, ಯಾರ ಮುಂದೆ ಆಡಿದಳು, ಒಬ್ಬಳೇ ಕೋಣೆಯ ಬಾಗಿಲು ಹಾಕಿಕೊಂಡು ತನಗೆ ತಾನೇ ಆಡಿಕೊಂಡಳೇ. 'ನಾನು ಈ ಅಜ್ಜನ ಹೊಟ್ಟೆ ಒಳಗೆ ವಾಸ ಮಾಡ್ತೀನಿ' ಅಂದಿತು ಬಿಸ್ಕಿಟ್, 'ಒಳಗೆ ತುಂಬಾ ಜಾಗ ಇದೆ. ಇವತ್ತು ಸಾಸೇಜ್ ಬಂದು ಬಿತ್ತು, ನನ್ನ ಸೋಫಾ ಮೇಲೆ.' ಮಗು ನಕ್ಕಿತು, ಚೂರೇ ಚೂರು. 'ಸರಿ ಇತ್ಸೆಲ್, ನಿಮ್ಮಪ್ಪ ನಿಂಗೊಂದು ಮಾತು ಹೇಳು ಅಂತ ನಂಗೆ ಅಂದ್ರು. ಅದಕ್ಕೆ ಮುಂಚೆ ನೀನು ಹೇಳು. ನಿಂಗೇನು ಗೊತ್ತು?' ಮಗು ತಿರುಗಿ ಅಪ್ಪನನ್ನು ನೋಡಿತು. ಅವನು ದೂರದಲ್ಲಿ ಫೋನು ಹಿಡಿದು, ನಗುತ್ತ, ನಗು ಅಂತ ಇವಳಿಗೂ ಸನ್ನೆ ಮಾಡುತ್ತಿದ್ದ. ಮಗು ಅವನಿಗಾಗಿ ಒಮ್ಮೆ ನಕ್ಕು, ಆಮೇಲೆ ಡೇನಾಳ ಕಿವಿಯ ಹತ್ತಿರ ಬಾಯಿ ತಂದಿತು. ಪಿಸುಗುಟ್ಟಿತು ಅಂತ ಅದು ಅಂದುಕೊಂಡಿತ್ತು, ಆದರೆ ಮಕ್ಕಳ ಪಿಸುಮಾತು ಡೆಲ್‌ಗೂ ಕೇಳಿಸಿತು.

'ಅಮ್ಮ ಸತ್ತೋಗಿದಾಳೆ. ಪಪ್ಪಂಗೆ ಹೇಳ್ಬೇಡ. ಅವ್ನಿಗೆ ಅಳು ಬರುತ್ತೆ.'

ಹಾಲ್‌ನ ಆ ಕಡೆ ಯಾರೋ ಹಾಡಿನ ಸ್ಪರ್ಧೆಗೆ ಮೈಕು ಸರಿಮಾಡುತ್ತ ಹಲೋ ಹಲೋ ಅನ್ನುತ್ತಿದ್ದರು. ಡೇನಾ ಬಾಯಿ ತೆರೆದಾಗ ಅಳಿಲಿನ ದನಿ ಹೋಗಿತ್ತು. 'ಹೇಳು ಅವ್ನಿಗೆ' ಅಂದಳು, ತನ್ನದೇ ದನಿಯಲ್ಲಿ, ಮೂವತ್ತು ದಾಟಿದ ಹೆಂಗಸಿನ ಒರಟು ದನಿ. 'ಗೊತ್ತು ಅಂತ ಹೇಳು. ಅಳು ಬಂದ್ರೆ ಅಳ್ಲಿ. ನೀನೂ ಅಳು, ಇಬ್ರೂ ಅಳಿ. ಈಗ್ಲೇ ಹೋಗು ಚಿನ್ನ, ನಾಳೆ ಅನ್ಬೇಡ. ಆಮೇಲೆ ಹೇಳೋಕೆ ಬರಲ್ಲ.' ಮಗು ಅವಳ ಮುಖವನ್ನು ನೋಡಿ, ಉದ್ದ ಗಿಡ್ಡದ ಲಂಗ ಎತ್ತಿ ಹಿಡಿದುಕೊಂಡು ಅಪ್ಪನ ಕಡೆ ಹೋಯಿತು. ಅವನ ಅಂಗಿ ಜಗ್ಗಿತು. ಅವನು ಬಗ್ಗಿದ, ಇನ್ನೂ ನಗುತ್ತಲೇ. ಮಗು ಅವನ ಕಿವಿಯಲ್ಲಿ ಹೇಳಿತು. ಫೋನು ಹಿಡಿದ ಕೈ ಕೆಳಗಿಳಿಯಿತು. ಆಮೇಲೆ ಆ ಮನುಷ್ಯ, ಹೋಟೆಲಿನ ಹೂಹೂವಿನ ಕಾರ್ಪೆಟ್ಟಿನ ಮೇಲೆ, ಜನ ಓಡಾಡುವ ದಾರಿಯ ನಡುವೆ, ಕಾಲು ಚಾಚಿ ಕೂತುಬಿಟ್ಟ. ಮಗು ಅವನ ತೊಡೆಯ ಮೇಲೆ ಹತ್ತಿ ಕೂತು ಬಾಯಿಬಿಟ್ಟು ಅತ್ತಿತು. ಹೆಗಲ ಮೇಲೆ ಥರ್ಮೊಕೋಲಿನ ಕತ್ತಿ ಹೊತ್ತವರು, ನೀಲಿ ಕೂದಲಿನವರು, ರೆಕ್ಕೆ ಕಟ್ಟಿಕೊಂಡವರು, ಅವರಿಬ್ಬರನ್ನೂ ತುಳಿಯದ ಹಾಗೆ ಸುತ್ತಿಹಾಕಿ ನಡೆದರು. ಸಿಮೆಂಟ್ ಲಾರಿಯವನು ಎಲ್ಲಿಂದಲೋ ಬಂದು, ಗುಲಾಬಿ ಲಂಗ ಹರಡಿ, ಅವರಿಗೆ ಮರೆಯಾಗಿ ನಿಂತ.

ಡೇನಾ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು ಕುರ್ಚಿಯಲ್ಲಿ ಕೂತಳು. ಡೆಲ್‌ಗೆ ಕೇಳಬಾರದು ಅನ್ನಿಸಿತು. ಕೇಳಿದರೆ ಇಷ್ಟು ವರ್ಷ ಹೊತ್ತದ್ದು ಏನೋ ಬಿದ್ದುಹೋಗುತ್ತದೆ, ಬಿದ್ದ ಮೇಲೆ ಹಗುರಾಗುವುದಿಲ್ಲ ಅಂತ ಗೊತ್ತಾಗುತ್ತಿತ್ತು. 'ನಿಂಗೂ ಗೊತ್ತಿತ್ತಾ?' ಅಂದ.

'ಹೂಂ.'

'ಯಾವಾಗಿಂದ?'

'ಅವತ್ತಿಂದಲೇ. ನೀನು ಬಿಸ್ಕಿಟ್ ಥರ ಮಾತಾಡಿದಾಗ್ಲೇ ಗೊತ್ತಾಯ್ತು. ಮಾರನೇ ದಿನ ಲೊರೆಟಾ ಚಿಕ್ಕಮ್ಮ ಬೆಳಿಗ್ಗೆನೇ ಬಂದು ಕರ್ಕೊಂಡು ಹೋದ್ಳು, ಡೋನಟ್ ಕೊಡಿಸ್ತೀನಿ ಅಂತ. ಶವ ಇಡ್ತಾರಲ್ಲ, ಅಲ್ಲಿಗೆ. ನಿಂಗೆ ಹೇಳ್ಬೇಡ ಅಂದ್ಳು. ನಾನು ಅಮ್ಮನ್ನ ಮುಟ್ಟಿದೆ. ಗಲ್ಲಕ್ಕೆ ಯಾರೋ ಬಣ್ಣ ಹಚ್ಚಿದ್ರು, ಕೈಗೆ ಬಂತು.' ಅವಳು ತನ್ನ ಬೆರಳನ್ನು ನೋಡಿಕೊಂಡಳು. 'ಮನೆಗೆ ಬಂದಾಗ ನೀನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಆಚೆ ಬಂದು ನನ್ನ ನೋಡಿದವನೇ ಬಿಸ್ಕಿಟ್ ಆಗಿಬಿಟ್ಟೆ. ಹಾಗೆ ಮಾತಾಡುವಾಗ ನೀನು ಅಳ್ತಿರಲಿಲ್ಲ. ಊಟ ಮಾಡ್ತಿದ್ದೆ. ಅದಕ್ಕೆ ದಿನಾ ಕೇಳ್ತಿದ್ದೆ, ಅಮ್ಮ ಏನ್ಮಾಡ್ತಿದಾಳೆ ಅಂತ.'

ಡೆಲ್‌ನ ಕಣ್ಣ ಮುಂದೆ ಆ ಸಂಜೆಯ ಅಡುಗೆಮನೆ ಬಂತು. ನಿಧಾನವಾಗಿ ತಲೆಯಾಡಿಸಿದ ಆ ಮಗು. ಅದು ನಂಬುತ್ತಿರಲಿಲ್ಲ, ತೂಗುತ್ತಿತ್ತು. ಎದುರಿಗಿರುವ ಈ ದೊಡ್ಡ ಮನುಷ್ಯ ಎಷ್ಟು ತಡೆದುಕೊಳ್ಳಬಲ್ಲ ಅಂತ. 'ಹದಿಮೂರನೇ ವರ್ಷ, ಆ ಟೇಪು...' ಅಂದ.

'ಅದಾ. ಅದರಲ್ಲಿ ಮೊಕೊ, ನಿನ್ನಮ್ಮ ಸತ್ತಳು ಅಂತ ಹೇಳಿತು, ಹುಡುಗಿ ಜೋರಾಗಿ ಅತ್ಲು. ನಮ್ಮ ಡಬ್ಬಿಂಗಿನಲ್ಲಿ ಅವಳು ಅಳೋದನ್ನೇ ಕತ್ತರಿಸಿದ್ರಲ್ಲ. ನಂಗೆ ಹೊಟ್ಟೆ ಉರೀತು ಅಪ್ಪ. ಅವಳಿಗಾದ್ರೂ ಅಳೋಕೆ ಬಿಟ್ರು ಅಂತ. ಅದನ್ನೇ ಹೇಳೋಣ ಅಂತ ಬಂದೆ. ನೀನು ಹೌದಾ ಅಂದೆ.'

'ಡೇನಾ, ನನ್ನ ಕ್ಷಮಿಸು, ನಾನು ಅವತ್ತು ಸುಳ್ಳು ಹೇಳಿ...' ಮಾತು ಶುರುವಾಗಿತ್ತು, ಬೆಳಗಿನಿಂದ, ಎಷ್ಟೋ ವರ್ಷಗಳಿಂದ ನಾಲಿಗೆಯ ತುದಿಯಲ್ಲಿದ್ದ ಮಾತು. ಆದರೆ ಅದು ಈಗ ಬೇರೆ ಯಾರದೋ ಮನೆಯ ಬಾಗಿಲು ತಟ್ಟುತ್ತಿತ್ತು. ಸುಳ್ಳಿಗಲ್ಲ, ಅಂತ ಡೇನಾ ತಲೆಯಲ್ಲಾಡಿಸಿದಳು, ಸಿಟ್ಟಿಲ್ಲದೆ. 'ನೀನು ಸುಳ್ಳು ಹೇಳಿದ್ದಕ್ಕೆ ನಂಗೇನೂ ಆಗ್ಲಿಲ್ಲ. ಅದು ಚೆನ್ನಾಗೇ ಇತ್ತು, ಟೊಮೆಟೊ ಸಿಗಲ್ಲ ಅನ್ನೋದೆಲ್ಲ. ನಾನು ಅಮ್ಮಂಗೋಸ್ಕರ ಅಳ್ಲೇ ಇಲ್ಲ. ನೀನು ಸರಿಹೋಗ್ಲಿ, ಆಮೇಲೆ ಅಳೋಣ ಅಂತ ಇಟ್ಕೊಂಡಿದ್ದೆ. ಆಮೇಲೆ ಹುಡುಕಿದ್ರೆ ಅದಿರಲಿಲ್ಲ. ಮದುವೆ ಮುರಿದಾಗ ಅವನು ಅದೇ ಹೇಳಿದ್ದು, ನಿನ್ನೊಳಗೆ ಏನೂ ಆಗಲ್ವಲ್ಲ ಅಂತ.' ಅವಳು ಫೋಟೊಗಳ ಅಂಚಿಗೆ ಕೈ ಹಾಕಿದಳು, ಬಿಟ್ಟಳು. 'ಆ ಮಗು ಎಷ್ಟು ಚೆನ್ನಾಗಿ ಅಳ್ತಿದೆ ನೋಡು.'

ಇಬ್ಬರೂ ನೋಡಿದರು. ಗುಲಾಬಿ ಲಂಗದ ಆಚೆಯಿಂದ ಅಳು ಕೇಳಿಸುತ್ತಿತ್ತು, ಬಿಕ್ಕಿ, ಏರಿ, ಉಸಿರು ಎಳೆದುಕೊಂಡು, ಮತ್ತೆ ಏರಿ. ಸಾಲಿನಲ್ಲಿ ಉಳಿದಿದ್ದ ನಾಲ್ಕಾರು ಜನ ತಮ್ಮ ಫೋಟೊಗಳನ್ನು ಎದೆಗೆ ಅವಚಿಕೊಂಡು, ಮುಂದೆ ಬರಬಹುದೋ ಬಾರದೋ ಗೊತ್ತಾಗದೆ ನಿಂತಿದ್ದರು. ಡೆಲ್ ಮಗಳ ಕೈಯನ್ನು ಹಿಡಿಯಬೇಕು ಅಂದುಕೊಂಡ. ಅದು ಎಲ್ಲಿದೆ ಅಂತ ಆ ಕಣ್ಣಿಗೆ ಕಾಣಲಿಲ್ಲ. ಟೇಬಲ್ಲಿನ ಮೇಲೆ ತಡಕಿದ. ಅವನಿಗೆ ಈಗ ಒಂದೇ ಒಂದು ಬೇಕಾಗಿತ್ತು, ಇಬ್ಬರೂ ಸೇರಿ ಅಳಲಿಕ್ಕೆ ಏನಾದರೂ ಒಂದು, ಈಗಲಾದರೂ, ಬುಧವಾರಕ್ಕೆ ಮುಂಚೆ. ರೂತಾನ್ ಹಿಂಬಾಗಿಲಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದದ್ದನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ನಿಂತದ್ದು ಬಂತು, ಹೆಗಲ ಮೇಲಿನ ಟವೆಲ್ಲು ಬಂತು, ಬಾಗಿಲ ಜಾಲರಿಯ ನೆರಳು ಅವಳ ಕೆನ್ನೆಯ ಮೇಲೆ ಬಿದ್ದದ್ದು ಬಂತು. ಕರೆದ ದನಿ ಬರಲಿಲ್ಲ. ಅಳಿಲು, ಕಪ್ಪೆ, ಮುದುಕ, ರಾಕ್ಷಸ, ಎಷ್ಟೊಂದು ದನಿಗಳನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗಿದ ಮನುಷ್ಯ ಅವನು.

'ಡೇನಾ' ಅಂದ, 'ನಿಂಗೆ ದನಿ ಮಾಡೋಕೆ ಬರುತ್ತಲ್ಲ. ಅಮ್ಮ ನನ್ನ ಊಟಕ್ಕೆ ಹೆಂಗೆ ಕರೀತಿದ್ಳು, ಒಂದ್ಸಲ ಹೇಳು.'

ಡೇನಾ ಅವನ ಕಡೆ ಪೂರಾ ತಿರುಗಿದಳು. ಬೆನ್ನು ನೆಟ್ಟಗೆ ಮಾಡಿ, ಗಲ್ಲವನ್ನು ಚೂರು ಮೇಲೆತ್ತಿ, ಹೆಗಲ ಮೇಲೆ ಇಲ್ಲದ ಟವೆಲ್ಲನ್ನು ಸರಿಪಡಿಸಿಕೊಂಡಳು. ಉಸಿರು ಎಳೆದುಕೊಂಡಳು. ಅವಳ ತುಟಿಗಳು ತೆರೆದುಕೊಂಡವು. ಡೆಲ್ ಕಿವಿ ಮುಂದೆ ಮಾಡಿ ಕಾದ. ತುಟಿಗಳು ಹಾಗೇ, ಅವನ ಹೆಸರಿನ ಆಕಾರದಲ್ಲಿ, ದನಿಯಿಲ್ಲದೆ ತೆರೆದೇ ಇದ್ದವು.